ಸ್ವಿಚ್ಚಿನ ಮೇಲಿನ ಚೀಟಿ

ಜಂಬುಲಿಂಗಪ್ಪನವರ ಮನೆಯಲ್ಲಿ ಕಂಪ್ಯೂಟರಿಗೆ ಸಿಗುತ್ತಿದ್ದ ಉಪಚಾರ ಸೊಸೆ ದಾಕ್ಷಾಯಿಣಿಗೆ ಬಾಣಂತನದಲ್ಲೂ ಸಿಕ್ಕಿರಲಿಲ್ಲ. ಎರಡು ಸಾವಿರದ ಇಸವಿಯಲ್ಲಿ ಚಳ್ಳಕೆರೆಯ ಆ ಬೀದಿಗೆ ಬಂದ ಮೊದಲ ಕಂಪ್ಯೂಟರ್ ಅದು. ಪಡಸಾಲೆಯ ಮೂಲೆಯಲ್ಲಿ ಅದಕ್ಕೊಂದು ಮೇಜು, ಮೇಲೆ ಹಳೆಯ ಸೀರೆಯಲ್ಲಿ ಹೊಲಿಸಿದ ಮುಸುಕು, ಹತ್ತಿರ ಬರುವವರು ಕೈ ತೊಳೆದು ಬರಬೇಕೆಂಬ ಕಟ್ಟಳೆ. ಶೇಂಗಾ ಎಣ್ಣೆ ಮಿಲ್ಲನ್ನು ಮಗ ಓಂಕಾರಮೂರ್ತಿಗೆ ಬಿಟ್ಟುಕೊಟ್ಟ ಮೇಲೆ ಜಂಬುಲಿಂಗಪ್ಪನವರು ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಅದರ ಮುಂದೆ ಕೂರುತ್ತಿದ್ದರು. ಒಂದೇ ಬೆರಳಿನಲ್ಲಿ ಟೈಪು ಮಾಡುತ್ತ ತಮ್ಮ ಸಮಾಜದ ವಧು-ವರರ ಪಟ್ಟಿ ಬೆಳೆಸುತ್ತಿದ್ದರು. ನಾನೂರ ಹನ್ನೆರಡು ಮನೆಗಳ ವಿವರ ಅದರಲ್ಲಿತ್ತು. ಯಾವ ಮನೆಯ ಹೆಣ್ಣು ಎಷ್ಟು ಓದಿದ್ದಾಳೆ ಎಂದು ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದರು.

ಎರಡು ಸಾವಿರದ ಏಳರ ಸೆಪ್ಟೆಂಬರಿನಲ್ಲಿ ಒಂದು ದಿನ, ಊಟಕ್ಕೆ ಬಡಿಸುತ್ತ ದಾಕ್ಷಾಯಿಣಿ ಸುದ್ದಿ ಹೇಳಿದಳು.

"ಮೊಳಕಾಲ್ಮೂರಿನ ಒಂದು ಕಾಲೇಜಿನ ಆಫೀಸಿಗೆ ಜನ ಬೇಕಂತೆ. ಅರ್ಜಿ ಹಾಕಿದ್ದೆ. ಪರೀಕ್ಷೆಗೆ ಕರೆದಿದಾರೆ."

ಓಂಕಾರಮೂರ್ತಿಯ ಕೈ ತಟ್ಟೆಯಲ್ಲೇ ನಿಂತಿತು. "ಹಾಕಿದ್ದೆ ಅಂದ್ರೆ? ಯಾವಾಗ?"

"ಗೌರಿ ಹಬ್ಬಕ್ಕೆ ಮುಂಚೆ."

"ನನಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ಲ?"

"ಹೇಳಿದ್ರೆ ಹಾಕಕ್ಕೆ ಬಿಡ್ತಿದ್ರಾ?"

ಜಂಬುಲಿಂಗಪ್ಪನವರು ಮಜ್ಜಿಗೆ ಕುಡಿದು ಲೋಟ ಇಟ್ಟರು. "ಒಂದೂವರೆ ಗಂಟೆ ಬಸ್ಸಿನ ದಾರಿ ಐತಮ್ಮ. ದಿನಾ ಹೋಗಿ ಬರ್ತೀಯಾ? ಮನೇಲಿ ಏನ್ ಕಮ್ಮಿ ಆಗೈತೆ ನಿಂಗೆ?"

"ಏನೂ ಕಮ್ಮಿ ಆಗಿಲ್ಲ ಮಾವ. ಜನವರಿಗೆ ನಂಗೆ ಮೂವತ್ತೆಂಟು ತುಂಬುತ್ತೆ. ಆಮೇಲೆ ಯಾರೂ ಅರ್ಜಿನೂ ತಗೊಳ್ಳಲ್ಲ. ಇದೊಂದೇ ಉಳಿದಿರೋದು."

ದಾಕ್ಷಾಯಿಣಿ ಬಿ.ಕಾಂ. ಫಸ್ಟ್ ಕ್ಲಾಸು. ಹದಿನಾರು ವರ್ಷದಿಂದ ಆ ಸರ್ಟಿಫಿಕೇಟು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿತ್ತು. ಮಧ್ಯಾಹ್ನ ಮಾವ ಮಲಗಿದಾಗ ಅವರಿವರ ಪ್ರಾಜೆಕ್ಟ್ ರಿಪೋರ್ಟ್ ಟೈಪು ಮಾಡಿಕೊಡುತ್ತಿದ್ದಳು, ಅಷ್ಟೇ ಅವಳ ಉದ್ಯೋಗ.

ಅತ್ತೆ ಕೊಟ್ರಮ್ಮ ರೊಟ್ಟಿಯ ಬುಟ್ಟಿಯನ್ನು ಮುಂದಕ್ಕೆ ಸರಿಸಿದರು. "ರೊಟ್ಟಿ ತಣ್ಣಗಾಗ್ತಾವೆ, ಉಣ್ರಿ ಮೊದ್ಲು," ಅಂದರು. ಆ ರೊಟ್ಟಿಯನ್ನೂ ದಾಕ್ಷಾಯಿಣಿಯೇ ಬಡಿದಿದ್ದಳು. ಕೊಟ್ರಮ್ಮನ ಜೋಳದ ರೊಟ್ಟಿ ಬೀದಿಗೆಲ್ಲ ಹೆಸರುವಾಸಿ, ಹಿಡಿದರೆ ಆಚೆ ಬದಿ ಕಾಣುವಷ್ಟು ತೆಳು. ಆದರೆ ಆರು ತಿಂಗಳಿಂದ, ಒಲೆಯ ಝಳ ಕಣ್ಣಿಗೆ ಆಗುವುದಿಲ್ಲವೆಂದು ಹಿಟ್ಟು ನಾದುವ ಕೊಣಮಿಗೆಯನ್ನು ಸೊಸೆಯ ಮುಂದೆ ತಳ್ಳಿದ್ದರು.

"ಪರೀಕ್ಷೆ ಯಾವಾಗಮ್ಮ?" ಮಗಳು ವಾಣಿಶ್ರೀ ಕೇಳಿದಳು. ಎಂಟನೆಯ ತರಗತಿ, ಮನೆಯಲ್ಲಿ ಇಂಗ್ಲಿಷು ಓದಿ ಹೇಳುವ ಕೆಲಸ ಅವಳದು.

"ದಸರಾ ಕಳೆದು, ಮಂಗಳವಾರ. ಕಂಪ್ಯೂಟರಿನ ಹೊಸ ಎಂ.ಎಸ್. ಆಫೀಸ್ ಬರ್ಬೇಕಂತೆ. ಎರಡು ಸಾವಿರದ ಏಳು."

"ನಮ್ಮ ಕಂಪ್ಯೂಟರಲ್ಲಿ ಇರೋದು ತೊಂಬತ್ತೇಳು," ಎಂದಳು ವಾಣಿಶ್ರೀ. ಅವಳಿಗೆ ನಗು ಬಂದಿತ್ತು, ಬೇರೆ ಯಾರಿಗೂ ಬರಲಿಲ್ಲ.

ಓಂಕಾರಮೂರ್ತಿ ನಾಲ್ಕು ದಿನ ಮುಖ ಗಂಟು ಹಾಕಿಕೊಂಡು ಓಡಾಡಿದ. ಐದನೆಯ ದಿನ ದಾವಣಗೆರೆಗೆ ಹೋದವನು ಹೊಸ ಆಫೀಸಿನ ಸಿ.ಡಿ. ತಂದು ಹೆಂಡತಿಯ ಮುಂದೆ ಎಸೆದ. ಅವನ ಒಪ್ಪಿಗೆ ಯಾವಾಗಲೂ ಹಾಗೆಯೇ ಬರುತ್ತಿತ್ತು.

ಸಿ.ಡಿ. ಹಾಕಿದರೆ ಕಂಪ್ಯೂಟರಿನ ಡಬ್ಬಿ ಗರ್ರೆಂದು ಸದ್ದು ಮಾಡಿ, ಪರದೆಯ ಮೇಲೆ ಒಂದು ಚಿಕ್ಕ ಚೌಕ ಬಂದು ನಿಂತಿತು.

"ಈ ಕಂಪ್ಯೂಟರಿಗೆ ಇದು ಹತ್ತಲ್ವಂತೆ," ಎಂದು ಓದಿದಳು ವಾಣಿಶ್ರೀ.

ಮತ್ತೆ ಹಾಕಿದರು. ಒರೆಸಿ ಹಾಕಿದರು. ಕೊನೆಗೆ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ವೀರೇಶನನ್ನು ಕರೆಸಿದರು. ಅವನು ಕುರ್ಚಿಯಲ್ಲಿ ಕೂರುವ ಮುಂಚೆಯೇ ತೀರ್ಪು ಕೊಟ್ಟ.

"ಇದು ವಿಂಡೋಸ್ ತೊಂಬತ್ತೆಂಟು ಐತ್ರಿ. ಹೊಸ ಆಫೀಸ್ ಇದರ ಮೇಲೆ ಕೂರಲ್ಲ. ಮೊದ್ಲು ವಿಂಡೋಸ್ ಎಕ್ಸ್‌ಪಿ ಹಾಕ್ಬೇಕು, ಮೆಮೊರಿ ಜಾಸ್ತಿ ಮಾಡ್ಬೇಕು. ಆಮೇಲೆ ಆಫೀಸು."

"ಏಳು ವರ್ಷಕ್ಕೇ ಹಳೇದಾಯ್ತೇನಪ್ಪ?" ಎಂದರು ಜಂಬುಲಿಂಗಪ್ಪ. "ನಮ್ಮ ಮಿಲ್ಲಿನ ಗಾಣಕ್ಕೆ ಮೂವತ್ತೆರಡು ವರ್ಷ. ಇವತ್ತಿಗೂ ಕಾಯಿ ಹಾಕಿದ್ರೆ ಎಣ್ಣೆ ಕೊಡುತ್ತೆ."

"ಇದನ್ನ ಮಾಡಿದೋರೇ ಹೋದ ವರ್ಷ ಕೈಬಿಟ್ಟಿದಾರ್ರಿ."

"ಅವರು ಬಿಟ್ರೆ ನಾನ್ಯಾಕೆ ಬಿಡ್ಲಿ? ನನ್ನ ಪಟ್ಟಿ ಏನಾಗುತ್ತೆ?"

ವೀರೇಶ ತಲೆ ಕೆರೆದುಕೊಂಡ. "ನಿಮ್ಮ ಕನ್ನಡದ ಸಾಫ್ಟ್‌ವೇರ್ ಬಾಳ ಹಳೇದು. ಹೊಸದರಲ್ಲಿ ಅದು ನಡೀತೈತೆ ಅಂತ ನಾನು ಗ್ಯಾರಂಟಿ ಕೊಡಲ್ಲ."

"ಹಂಗಾದ್ರೆ ಇದನ್ನ ಮುಟ್ಟಬ್ಯಾಡ. ಎದ್ದೇಳು."

ಅವತ್ತಿನಿಂದ ಮನೆಯಲ್ಲಿ ತಟ್ಟೆ ಲೋಟಗಳ ಸದ್ದು ಜೋರಾಯಿತು. ದಾಕ್ಷಾಯಿಣಿ ಎರಡು ದಿನ ವೀರೇಶನ ಅಂಗಡಿಗೆ ಹೋಗಿ ನೋಡಿದಳು. ಹೊಸ ಆಫೀಸ್ ಇದ್ದ ಯಂತ್ರ ಅಲ್ಲಿ ಒಂದೇ, ಅದರ ಸುತ್ತ ಯಾವಾಗಲೂ ಕಾಲೇಜು ಹುಡುಗರ ಗುಂಪು. ಅವಳಿಗೆ ಅರ್ಧ ಗಂಟೆ ಸಿಕ್ಕಿತು, ಅದರಲ್ಲಿ ಹದಿನೈದು ನಿಮಿಷ ಕರೆಂಟಿರಲಿಲ್ಲ. ಏಳು ವರ್ಷದಿಂದ ಬಲ್ಲ ಫೈಲು, ಎಡಿಟು ಎಲ್ಲ ಮಾಯವಾಗಿ ಚಿತ್ರಗಳ ಸಾಲೊಂದು ಕೂತಿತ್ತು. ಒಂದು ಪತ್ರ ಪ್ರಿಂಟ್ ಮಾಡುವುದು ಎಲ್ಲಿ ಎಂದೇ ಅವಳಿಗೆ ತಿಳಿಯಲಿಲ್ಲ. ಮನೆಗೆ ಬಂದವಳು ಮಾವನ ಮುಂದೆ ನಿಂತಳು. ಅವಳಿಗೆ ಸಿಟ್ಟು ಬಂದಿತ್ತು.

"ಮಾವ, ಪಟ್ಟಿ ಪೂರಾ ಪ್ರಿಂಟ್ ತೆಗೆದು ಕೊಟ್ರೆ ಆಗುತ್ತಾ? ಒಂದು ಮನೆಗೆ ಒಂದು ಹಾಳೆ. ಕಾಗದದ ಮೇಲಿದ್ರೆ ಯಾವ ಸಾಫ್ಟ್‌ವೇರೂ ಬೇಡ."

"ನಾನೂರ ಹನ್ನೆರಡು ಹಾಳೆ. ಯಾವಾಗ ಮುಗಿಸ್ತೀಯಾ?"

"ಮುಗಿಸ್ತೀನಿ. ಮುಗಿದ ಮೇಲೆ ವೀರೇಶ ಬರ್ಬೇಕು, ನೀವು ಎದ್ದೇಳು ಅನ್ನಬಾರ್ದು."

ಜಂಬುಲಿಂಗಪ್ಪ ಮಾತು ಕೊಟ್ಟರು. ಅವರು ಹಟಮಾರಿ, ಆದರೆ ಕೊಟ್ಟ ಮಾತಿಗೆ ತಪ್ಪುವವರಲ್ಲ.

ಆ ಪ್ರಿಂಟರ್ ಕೂಡ ಹಳೆಯದು. ಕಿರ್ರ್ ಕಿರ್ರ್ ಎಂದು ಸಾಲಿಗೊಂದು ಸಲ ಅರಚುತ್ತ, ಹಾಳೆಗೆ ಎರಡು ನಿಮಿಷ ತೆಗೆದುಕೊಳ್ಳುತ್ತಿತ್ತು. ಕರೆಂಟು ಇದ್ದಷ್ಟು ಹೊತ್ತು ದಾಕ್ಷಾಯಿಣಿ ಅದರ ಮುಂದೆ. ಕುಕ್ಕರ್ ಕೂಗಿದರೆ ಒಳಗೆ, ಪ್ರಿಂಟರ್ ನಿಂತರೆ ಹೊರಗೆ. ಕೊಟ್ರಮ್ಮ ಚಾಪೆಯ ಮೇಲೆ ಕೂತು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು.

"ಪರಶುರಾಂಪುರದ ಈ ಹುಡುಗಿ ಎರಡು ಸಲ ಬಂದಾಳೆ ನೋಡು," ಎಂದು ಒಂದು ದಿನ ಒಂದು ಹಾಳೆ ಎತ್ತಿ ಕೊಟ್ಟರು.

ದಾಕ್ಷಾಯಿಣಿ ನೋಡಿದಳು. ನಿಜ, ಎರಡು ಸಲ ಬಂದಿತ್ತು. ಹರಿದು ಬುಟ್ಟಿಗೆ ಹಾಕಿ ಒಗ್ಗರಣೆಗೆ ಓಡಿದಳು. ಅದಕ್ಕಿಂತ ಹೆಚ್ಚು ಯೋಚಿಸಲು ಅವಳಿಗೆ ಪುರಸೊತ್ತಿರಲಿಲ್ಲ.

ಹದಿನೇಳು ದಿನವಾಯಿತು. ಪಟ್ಟಿ ಮುಗಿಯುವಾಗ ಪರೀಕ್ಷೆಗೆ ಉಳಿದದ್ದು ಒಂದು ವಾರ. ಇವತ್ತು ಬರ್ತೀನಿ, ನಾಳೆ ಬರ್ತೀನಿ ಎನ್ನುತ್ತಿದ್ದ ವೀರೇಶ ಕೊನೆಗೆ ಬಂದದ್ದು ಆಯುಧಪೂಜೆಯ ಶನಿವಾರ ಬೆಳಿಗ್ಗೆ ಎಂಟಕ್ಕೆ.

"ಇವತ್ತಾ?" ಎಂದರು ಜಂಬುಲಿಂಗಪ್ಪ. ಅವರ ಮನೆತನದಲ್ಲಿ ಪೂಜೆಯ ಹೊತ್ತಿಗೆ ಎಲ್ಲ ಯಂತ್ರಗಳೂ ನಿಂತಿರಬೇಕು. ಓಡುವ ಯಂತ್ರಕ್ಕೆ ಆರತಿ ಎತ್ತುವಂತಿಲ್ಲ. ಪೂಜೆಯಾದ ಮೇಲೆ ಮರುದಿನ ಸಂಜೆ ಬನ್ನಿ ಹಂಚುವವರೆಗೆ ಯಾವುದನ್ನೂ ಚಾಲೂ ಮಾಡುವಂತಿಲ್ಲ. ಮಿಲ್ಲಿನಲ್ಲಿ ಗಾಣದ ಬೆಲ್ಟನ್ನೇ ಬಿಚ್ಚಿಡುತ್ತಿದ್ದರು.

"ಮಾವ, ಮಾತು ಕೊಟ್ಟಿದೀರಿ," ಎಂದಳು ದಾಕ್ಷಾಯಿಣಿ.

ಅವರು ಕಂಪ್ಯೂಟರಿನ ಮುಸುಕನ್ನು ತಾವೇ ತೆಗೆದರು. "ಆಯ್ತು. ಈ ವರ್ಷ ಕಂಪ್ಯೂಟರಿಗೆ ಪೂಜೆ ನಾಳೆ ಮಾಡೋಣ."

ವೀರೇಶ ಮೆಮೊರಿ ಕೂರಿಸಿ, ಎಕ್ಸ್‌ಪಿ ಸಿ.ಡಿ. ತೂರಿಸಿದ. ಹತ್ತೂವರೆಗೆ ಪರದೆಯ ಮೇಲೆ ನೀಲಿ ಬಣ್ಣ ಬಂದು, ಇನ್ನೂ ಎಷ್ಟು ನಿಮಿಷ ಎಂದು ತೋರಿಸತೊಡಗಿತು.

"ಇದು ತಾನಾಗೇ ಮಾಡ್ಕೊಳ್ಳುತ್ತೆ. ಮಧ್ಯ ಏನಾದ್ರೂ ಆಫ್ ಆದ್ರೆ ಹಳೇದೂ ಇಲ್ಲ ಹೊಸದೂ ಇಲ್ಲ, ಹಂಗಾಗುತ್ತೆ. ಕರೆಂಟ್ ಹೋದ್ರೂ ಬ್ಯಾಟರಿ ಐತೆ. ಆದರೆ ಸ್ವಿಚ್ ಮುಟ್ಟಬ್ಯಾಡ್ರಿ. ಅಂಗಡಿ ಪೂಜೆ ಮುಗಿಸಿ ಬಂದು ಆಫೀಸ್ ಹಾಕ್ತೀನಿ."

ದಾಕ್ಷಾಯಿಣಿ ವಾಣಿಶ್ರೀಯ ನೋಟ್‌ಬುಕ್ಕಿನಿಂದ ಹಾಳೆ ಹರಿದು ದಪ್ಪ ಅಕ್ಷರದಲ್ಲಿ ಬರೆದಳು: "ಮುಟ್ಟಬೇಡಿ. ಆಫ್ ಮಾಡಬೇಡಿ." ಅನ್ನದ ಅಗುಳು ಒತ್ತಿ ಸ್ವಿಚ್ಚಿನ ಮೇಲೆ, ಬ್ಯಾಟರಿಯ ಗುಂಡಿಯೂ ಮುಚ್ಚುವಂತೆ ಅಂಟಿಸಿದಳು. ಮಿಲ್ಲಿನ ಪೂಜೆಗೆ ಗಂಡ ಸ್ಕೂಟರ್ ಚಾಲೂ ಮಾಡಿ ಹಾರ್ನ್ ಹೊಡೆಯುತ್ತಿದ್ದ. ಬೂದುಗುಂಬಳಕಾಯಿ ಮಡಿಲಲ್ಲಿ ಇಟ್ಟುಕೊಂಡು ಹಿಂದೆ ಕೂರುವಾಗ, "ವಾಣೀ, ಅಜ್ಜಿಗೆ ಓದಕ್ಕೆ ಬರಲ್ಲ, ಬಾಯಲ್ಲಿ ಹೇಳಿ ಇಲ್ಲೇ ಕಾವಲಿರು," ಎಂದು ಕೂಗಿದಳು. ವಾಣಿಶ್ರೀ ಹ್ಞೂಂ ಅಂದಳು. ಐದು ನಿಮಿಷಕ್ಕೆ ತಾತ ಆಟೋ ಹತ್ತುವುದನ್ನು ಕಂಡು ತಾನೂ ಹತ್ತಿದಳು. ಮನೆಯಲ್ಲಿ ಉಳಿದವರು ಕೊಟ್ರಮ್ಮ ಒಬ್ಬರೇ.

ಒಂದು ಗಂಟೆಗೆ ವಾಪಸ್ ಬಂದಾಗ ಹೊಲಿಗೆ ಯಂತ್ರ, ರುಬ್ಬುವ ಯಂತ್ರ, ವಾಣಿಶ್ರೀಯ ಸೈಕಲ್ಲು ಎಲ್ಲಕ್ಕೂ ವಿಭೂತಿ ಬಳಿದು ಸೇವಂತಿಗೆ ಇಟ್ಟಿತ್ತು. ಕಂಪ್ಯೂಟರಿಗೂ ಮೂರು ಪಟ್ಟೆ ವಿಭೂತಿ, ಮೇಲೊಂದು ಹಾರ. ಪರದೆ ಕಪ್ಪಗಿತ್ತು. ಡಬ್ಬಿಯಿಂದ ಸದ್ದಿರಲಿಲ್ಲ.

ದಾಕ್ಷಾಯಿಣಿ ಹಬ್ಬದ ಸೀರೆಯಲ್ಲೇ ನೆಲಕ್ಕೆ ಬಗ್ಗಿ ಡಬ್ಬಿಗೆ ಕಿವಿ ಇಟ್ಟು ನೋಡಿದಳು.

"ಅವ್ವ, ಏನ್ ಮಾಡ್ದೆ ಇದು?" ಎಂದ ಓಂಕಾರಮೂರ್ತಿ.

"ಓಡೋ ಯಂತ್ರಕ್ಕೆ ಆರತಿ ಎತ್ತಬಾರ್ದಲ್ಲ ಅಂತ ಆಫ್ ಮಾಡ್ದೆ. ನಂಗೇನ್ ಗೊತ್ತು, ನಾನು ಓದಿದೋಳಾ?"

"ಅವಳನ್ನ ಬೈಬ್ಯಾಡಲೇ," ಎಂದರು ಜಂಬುಲಿಂಗಪ್ಪ. "ಅಕ್ಷರ ಬರದೋಳ ಮುಂದೆ ಚೀಟಿ ಅಂಟಿಸಿದ್ರೆ ಏನ್ ಉಪಯೋಗ?"

ಬೈಸಿಕೊಂಡವಳು ವಾಣಿಶ್ರೀ. ಅವಳು ಅಳುತ್ತ ಊಟ ಬಿಟ್ಟಳು. ಆಮೇಲೆ ಬಂದ ವೀರೇಶ, ಒಂದೇ ಸಲಕ್ಕೆ ಎಂದು ಜಂಬುಲಿಂಗಪ್ಪನವರು ಒಪ್ಪಿದ ಮೇಲೆ, ಯಂತ್ರ ಚಾಲೂ ಮಾಡಿ ನೋಡಿದ. ಕಪ್ಪು ಪರದೆಯ ಮೇಲೆ ಒಂದೇ ಸಾಲು ಬಿಳಿ ಅಕ್ಷರ ಬಂದು ನಿಂತಿತು. "ಇದನ್ನ ಅಂಗಡಿಗೆ ಒಯ್ದು ಮೊದಲಿಂದ ಮಾಡ್ಬೇಕು. ಅಂಗಡೀಲಿ ಪೂಜೆ ಆಗೈತೆ, ನಾಳೆ ಸಂಜೆವರೆಗೂ ನಾನೂ ಏನೂ ಮುಟ್ಟಲ್ಲ. ಆಮೇಲೆ ಊರಿಗೆ ಹೋಗ್ತೀನಿ. ಬುಧವಾರ ನೋಡೋಣ ಅಕ್ಕ."

ಪರೀಕ್ಷೆ ಮಂಗಳವಾರ.

ಭಾನುವಾರ ಮಧ್ಯಾಹ್ನ ರೊಟ್ಟಿಗೆ ಹಿಟ್ಟು ತೆಗೆಯಲು ಡಬ್ಬಿ ಎತ್ತಿದಾಗ, ಅದರ ಕೆಳಗೆ ನಾಲ್ಕು ಮಡಿಕೆಯ ಕಾಗದವೊಂದು ದಾಕ್ಷಾಯಿಣಿಯ ಕೈಗೆ ಸಿಕ್ಕಿತು. ಬಿಡಿಸಿದಳು. ಅವಳದೇ ದಪ್ಪ ಅಕ್ಷರ. ಮೂಲೆಯಲ್ಲಿ ಒಣಗಿದ ಅಗುಳು ಹಾಗೇ ಇತ್ತು. ಪರಶುರಾಂಪುರದ ಹುಡುಗಿಯ ಹಾಳೆ ಆಗ ಅವಳಿಗೆ ನೆನಪಾಯಿತು.

ಕೊಟ್ರಮ್ಮ ಬಾಗಿಲಲ್ಲಿ ಸೊಪ್ಪು ಸೋಸುತ್ತಿದ್ದರು.

"ಅತ್ತೆ, ನಿಮಗೆ ಓದಕ್ಕೆ ಬರುತ್ತೆ."

ಕೊಟ್ರಮ್ಮನ ಕೈ ನಿಂತಿತು. ಸೊಪ್ಪಿನ ಮೊರ ಪಕ್ಕಕ್ಕಿಟ್ಟರು.

"ಓದಿಯೇ ಆಫ್ ಮಾಡಿದ್ರಿ."

"ಹ್ಞೂಂ."

"ಯಾಕೆ?"

ಕೊಟ್ರಮ್ಮ ಬಲಗೈ ಚಾಚಿ, ಮುಷ್ಟಿ ಕಟ್ಟಲು ನೋಡಿದರು. ಹೆಬ್ಬೆರಳೂ ತೋರುಬೆರಳೂ ಬಾಗಲಿಲ್ಲ. "ಯುಗಾದಿಯಿಂದ ಹಿಂಗೇ ಐತೆ. ರೊಟ್ಟಿ ಬಡಿಯಕ್ಕೆ ಆಗಲ್ಲ, ಕಣ್ಣಿಗೆ ಝಳ ಅಂತ ಸುಳ್ಳು ಹೇಳ್ದೆ. ನೀನು ಏಳು ಗಂಟೆ ಬಸ್ಸಿಗೆ ಹೋದ್ರೆ ಒಲೆ ಮುಂದೆ ನಾನೇ ಕೂರ್ಬೇಕು. ಆಗಲ್ಲ ಅಂತ ತಿಳಿದ್ರೆ ನಿಮ್ಮಾವ ಅಡುಗೆಯೋಳನ್ನ ತರ್ತಾರೆ. ನಲವತ್ತಾರು ವರ್ಷ ಕೂತ ಜಾಗ ಅದು. ಇನ್ನೊಬ್ಬಳು ಅಲ್ಲಿ ಕೂತ್ರೆ ನಾನೆಲ್ಲಿ ಕೂರ್ಲಿ?"

"ನನ್ನ ಹತ್ರ ಹೇಳ್ಬೋದಿತ್ತು."

"ಹೇಳ್ಬೋದಿತ್ತು."

"ನನ್ನ ಹದಿನಾರು ವರ್ಷ ಅತ್ತೆ. ಒಂದು ಸ್ವಿಚ್ಚಿಗೆ ಹೋಯ್ತು."

"ಚೀಟಿ ಒಲೆಗೆ ಹಾಕಕ್ಕೆ ಹೋದೆ," ಎಂದರು ಕೊಟ್ರಮ್ಮ. "ಮನಸ್ಸು ಬರ್ಲಿಲ್ಲ."

ಸಂಜೆ ಬನ್ನಿ ಹಂಚುವಾಗ ದಾಕ್ಷಾಯಿಣಿ ಅತ್ತೆಯ ಕೈಯಿಂದ ಎಲೆ ತೆಗೆದುಕೊಂಡಳು. ಕಾಲಿಗೆ ಮಾತ್ರ ಬಗ್ಗಲಿಲ್ಲ. ಅದನ್ನು ಮನೆಯವರೆಲ್ಲ ನೋಡಿದರು. ಕಾರಣ ತಿಳಿದಿದ್ದವರು ಇಬ್ಬರೇ.

ಮಂಗಳವಾರ ಅವಳು ಏಳು ಗಂಟೆಯ ಬಸ್ಸು ಹತ್ತಿದಳು. ಗಂಡ, "ಹೋಗಿ ಏನ್ ಮಾಡ್ತೀಯಾ, ಒಂದಿನಾನೂ ಕೂತು ಕಲಿತಿಲ್ಲ," ಅಂದಿದ್ದ. ತಳಕು, ಬಿ.ಜಿ. ಕೆರೆ, ಹಾನಗಲ್ ದಾಟುವವರೆಗೂ ವೀರೇಶನ ಅಂಗಡಿಯಲ್ಲಿ ಕಂಡ ಚಿತ್ರಗಳ ಸಾಲನ್ನು ನೆನಪಿಸಿಕೊಳ್ಳುತ್ತ ಕೂತಳು.

ಕಾಲೇಜಿನ ಆಫೀಸಿನಲ್ಲಿ ಇನ್ನಿಬ್ಬರು ಅಭ್ಯರ್ಥಿಗಳಿದ್ದರು, ಇಬ್ಬರೂ ಇಪ್ಪತ್ತೈದರ ಒಳಗಿನವರು. ಪ್ರಿನ್ಸಿಪಾಲರು ತಿಪ್ಪೇರುದ್ರಮ್ಮ ಎಂಬ ಗಟ್ಟಿ ದನಿಯ ಹೆಂಗಸು. ಮೇಜಿನ ಮೇಲಿನ ಯಂತ್ರದ ಪಕ್ಕ ಹೊಚ್ಚ ಹೊಸ ಸಿ.ಡಿ. ಡಬ್ಬಿಯಿತ್ತು.

"ಮ್ಯಾನೇಜ್‌ಮೆಂಟ್‌ನೋರು ಹೊಸ ಆಫೀಸ್ ಕೊಡ್ಸಿದಾರೆ. ಹಾಕಿಕೊಂಡು ಒಂದು ಪತ್ರ ಟೈಪ್ ಮಾಡಿ ತೋರಿಸ್ರಿ. ಒಬ್ಬೊಬ್ಬರಿಗೆ ಅರ್ಧ ಗಂಟೆ."

ಮೊದಲಿನವನು ಹಾಕಿದ, ತೆಗೆದ, ಮತ್ತೆ ಹಾಕಿದ. ಸಿ.ಡಿ. ಕೆಟ್ಟಿದೆ ಎಂದ. ಎರಡನೆಯವಳು ಯಂತ್ರವನ್ನು ಐದು ಸಲ ಆಫ್ ಮಾಡಿ ಆನ್ ಮಾಡಿದಳು. ಬಾಗಿಲಲ್ಲಿ ನಿಂತಿದ್ದ ಜವಾನ ದೊಡ್ಡಪಾಲಯ್ಯ, "ಅದಿ ಎಕ್ಕದಮ್ಮಾ, ಹದಿನೈದು ದಿನದಿಂದ ಹತ್ತವಲ್ದು," ಎಂದು ಅರ್ಧ ತೆಲುಗಿನಲ್ಲಿ ಗೊಣಗಿದ.

ದಾಕ್ಷಾಯಿಣಿ ಕುರ್ಚಿಯಲ್ಲಿ ಕೂತಳು. ಪರದೆಯ ಮೇಲೆ ತನ್ನ ಮನೆಯದೇ ಹಳೆಯ ಚಿತ್ರ, ತನ್ನ ಮನೆಯದೇ ಚಿಕ್ಕ ಚೌಕ. ಅವಳು ಮೌಸನ್ನು ಮುಟ್ಟಲೇ ಇಲ್ಲ.

"ಮೇಡಂ, ಇದು ವಿಂಡೋಸ್ ತೊಂಬತ್ತೆಂಟು. ಇದರ ಮೇಲೆ ಹೊಸ ಆಫೀಸ್ ಕೂರಲ್ಲ. ಅರ್ಧ ಗಂಟೆ ಅಲ್ಲ, ಅರ್ಧ ವರ್ಷ ಕೊಟ್ರೂ ಕೂರಲ್ಲ."

"ಹಂಗಾದ್ರೆ?"

"ಮೊದ್ಲು ಇದರೊಳಗೆ ಇರೋದನ್ನೆಲ್ಲ ಪ್ರಿಂಟ್ ತೆಗೀಬೇಕು. ಮೆಮೊರಿ ಹಾಕಿಸ್ಬೇಕು. ಆಮೇಲೆ ಎಕ್ಸ್‌ಪಿ, ಆಮೇಲೆ ಇದು. ಒಂದು ಪೂರ್ತಿ ದಿನ ಬೇಕು. ಆ ದಿನ ಯಾರೂ ಸ್ವಿಚ್ ಮುಟ್ಟಬಾರ್ದು. ಚೀಟಿ ಅಂಟಿಸಿದ್ರೆ ಸಾಲದು, ಪಕ್ಕದಲ್ಲಿ ಒಬ್ರು ಕೂರ್ಬೇಕು."

ತಿಪ್ಪೇರುದ್ರಮ್ಮ ಕನ್ನಡಕ ತೆಗೆದರು. "ಹೊಸ ಆಫೀಸಲ್ಲಿ ಪತ್ರ ಮಾಡಕ್ಕೆ ಬರುತ್ತಾ?"

"ಸರಿಯಾಗಿ ಬರಲ್ಲ ಮೇಡಂ. ಹದಿನೈದು ನಿಮಿಷ ನೋಡಿದೀನಿ ಅಷ್ಟೇ. ಹಾಕಿಕೊಟ್ಟು ಕಲೀತೀನಿ."

ಹಿಂದೆ ಕೂತಿದ್ದ ಹುಡುಗ ನಕ್ಕ. ತಿಪ್ಪೇರುದ್ರಮ್ಮ ನಗಲಿಲ್ಲ. "ಎರಡನೇ ತಾರೀಖಿಂದ ಬನ್ರಿ," ಅಂದರು.

ಸಂಜೆ ಊಟಕ್ಕೆ ಕೂತಾಗ ದಾಕ್ಷಾಯಿಣಿ ಸುದ್ದಿ ಹೇಳಿದಳು. ವಾಣಿಶ್ರೀ ಕೂತಲ್ಲೇ ಕುಣಿದಳು. ಓಂಕಾರಮೂರ್ತಿ, "ಏಳು ಗಂಟೆ ಬಸ್ಸಿಗೆ ನಾನೇ ಬಿಡ್ತೀನಿ ತಗೋ," ಎಂದು ತಟ್ಟೆ ನೋಡುತ್ತ ಹೇಳಿದ. ಜಂಬುಲಿಂಗಪ್ಪನವರು ಮಾತ್ರ ಹೆಂಡತಿಯ ಕಡೆ ತಿರುಗಿದರು.

"ಬೆಳಿಗ್ಗೆ ರೊಟ್ಟಿ ಕಥೆ ಏನು? ಇನ್ನು ಮೇಲೆ ನಿನ್ನ ಕೈಯಿನ ತೆಳು ರೊಟ್ಟಿ ಸಿಗುತ್ತೆ ಅನ್ನು."

ದಾಕ್ಷಾಯಿಣಿ ಅತ್ತೆಯನ್ನು ನೋಡಿದಳು. ಇದು ಅವರೇ ಹೇಳಬೇಕಾದ ಮಾತು.

ಕೊಟ್ರಮ್ಮ ಸಾರಿನ ಸೌಟು ಕೆಳಗಿಟ್ಟರು. "ಸಿಗಲ್ಲ ರೀ. ನನ್ನ ಕೈ ಆಗಲ್ಲ. ಆರು ತಿಂಗಳಾಯ್ತು." ಬಾಗದ ಬೆರಳುಗಳನ್ನು ಎಲ್ಲರಿಗೂ ಕಾಣುವಂತೆ ಹಿಡಿದರು. "ಇವಳು ಹೋದ್ರೆ ಇದು ಬಯಲಾಗುತ್ತೆ ಅಂತ ಹೆದರಿ ಕಂಪ್ಯೂಟರ್ ಆಫ್ ಮಾಡ್ದೆ. ಪೂಜೆಗಲ್ಲ. ಚೀಟಿ ಓದಿದ್ದೆ. ಆ ಕೂಸನ್ನ ಸುಮ್ನೆ ಬೈದ್ರಿ."

ಓಂಕಾರಮೂರ್ತಿ ಅವ್ವನ ಕೈ ಹಿಡಿದುಕೊಂಡು, "ನಾಳೇನೇ ಚಿತ್ರದುರ್ಗಕ್ಕೆ ಹೋಗಿ ಡಾಕ್ಟ್ರಿಗೆ ತೋರಿಸೋಣ," ಅಂದ. ಜಂಬುಲಿಂಗಪ್ಪನವರು ಇನ್ನೂ ಹಿಂದಿನ ಮಾತಿನಲ್ಲೇ ಸಿಕ್ಕಿಕೊಂಡಿದ್ದರು.

"ಓದಿದ್ದೆ ಅಂದ್ರೆ? ನಿಂಗೆ ಓದಕ್ಕೆ ಯಾವಾಗ ಬಂತು?"

"ಸಾಕ್ಷರತೆ ಕ್ಲಾಸು ನಡೀತಿತ್ತಲ್ಲ ಗುಡಿ ಹಿಂದೆ. ಆವಾಗ. ಹದಿನಾಲ್ಕು ವರ್ಷ ಆಯ್ತು."

"ನಂಗೆ ಹೇಳ್ಲೇ ಇಲ್ಲ."

"ನೀವು ಕೇಳ್ಲೇ ಇಲ್ಲ."

ನಾನೂರ ಹನ್ನೆರಡು ಮನೆಗಳ ಹೆಣ್ಣುಮಕ್ಕಳ ಓದು ಬಲ್ಲ ಜಂಬುಲಿಂಗಪ್ಪನವರು ಅವತ್ತು ಮಜ್ಜಿಗೆ ಬೇಡವೆಂದು ಎದ್ದರು. ಅವರಿಗೆ ನಾಚಿಕೆಯಾಗಿತ್ತು.

ನವೆಂಬರ್ ಮೊದಲ ವಾರ, ದಾಕ್ಷಾಯಿಣಿ ಮೊಳಕಾಲ್ಮೂರಿಗೆ ಹೋದ ಮೂರನೆಯ ದಿನ, ವೀರೇಶ ಅಂಗಡಿಗೆ ಒಯ್ದು ಹಳೆಯದನ್ನೆಲ್ಲ ಅಳಿಸಿದ ಯಂತ್ರವನ್ನು ವಾಪಸ್ ತಂದು ಮತ್ತೆ ಎಕ್ಸ್‌ಪಿ ಹಾಕತೊಡಗಿದ. ಅಡುಗೆಮನೆಯಲ್ಲಿ ನಿಂಗಕ್ಕ ಎಂಬಾಕೆ ರೊಟ್ಟಿ ಬಡಿಯುತ್ತಿದ್ದಳು. ಕೊಟ್ರಮ್ಮ ಒಳಗಿನಿಂದ ಕುರ್ಚಿ ಎಳೆದು ತಂದು ಸ್ವಿಚ್ ಬೋರ್ಡಿನ ಕೆಳಗೆ ಹಾಕಿ ಕೂತರು. ಹಿಟ್ಟಿನ ಡಬ್ಬಿಯ ಕೆಳಗಿದ್ದ ಅದೇ ಚೀಟಿಯನ್ನು ಎಡಗೈಯಲ್ಲಿ ಹೊಸ ಅಗುಳು ಒತ್ತಿ ಅಂಟಿಸಿದ್ದರು. ಎಂಟರಿಂದ ಹನ್ನೆರಡರವರೆಗೆ ಅಲ್ಲಿಂದ ಏಳಲಿಲ್ಲ. ರೊಟ್ಟಿ ದಪ್ಪ ಆಯಿತೆಂದು ಕೂತಲ್ಲಿಂದಲೇ ನಿಂಗಕ್ಕನಿಗೆ ಕೂಗಿ ಹೇಳುತ್ತಿದ್ದರು.

ಹನ್ನೊಂದರ ಹೊತ್ತಿಗೆ ಜಂಬುಲಿಂಗಪ್ಪನವರಿಗೆ ಸೆಖೆಯಾಯಿತು. ಫ್ಯಾನಿನ ಸ್ವಿಚ್ಚೂ ಅದೇ ಬೋರ್ಡಿನಲ್ಲಿತ್ತು. ಅವರು ಎದ್ದು ಬಂದು ಕೈ ಚಾಚಿದರು.

ಕೊಟ್ರಮ್ಮ ಆ ಕೈಗೆ ಅಡ್ಡ ತಮ್ಮ ಕೈ ಇಟ್ಟರು.

"ಯಾಕ್ರಿ," ಅಂದರು, "ಓದಕ್ಕೆ ಬರಲ್ವಾ ನಿಮಗೆ?"